ಹೆಲ್ಮೆಟ್ ಒಳಗೆ ಯಾವ ಮಾಸ್ಕ್ ನಿಲ್ಲುತ್ತದೆ?

ಗಾಡಿ ಓಡಿಸುವಾಗ ಯಾವ ಮಾಸ್ಕ್ ಹಾಕಬೇಕು ಅಂತ ಯಾರಾದರೂ ಕೇಳಿದರೆ, ನಿಮ್ಮ ಹೆಲ್ಮೆಟ್ ಯಾವುದು ಅಂತ ನಾನು ತಿರುಗಿ ಕೇಳುತ್ತೇನೆ. ಅಂಗಡಿಯ ಕನ್ನಡಿ ಮುಂದೆ ಎಲ್ಲ ಮಾಸ್ಕೂ ಚೆನ್ನಾಗಿಯೇ ಕೂರುತ್ತವೆ. ಯಾವುದು ನಿಲ್ಲುತ್ತದೆ, ಯಾವುದು ಜಾರುತ್ತದೆ ಅಂತ ಗೊತ್ತಾಗುವುದು ಮೇಲಿಂದ ಹೆಲ್ಮೆಟ್ ಇಳಿಸಿದ ಮೇಲೆ. ಒಮ್ಮೆ ಜಾರಿತೋ, ಫಿಲ್ಟರ್ ಎಷ್ಟು ದುಬಾರಿಯದಾದರೇನು, ಗಾಳಿ ಸಂದಿಯಿಂದಲೇ ಒಳಗೆ ಬರುತ್ತದೆ.

ನನ್ನದು ಸ್ಕೂಟರ್. ಬೆಂಗಳೂರಿನ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿಗೆ ಹೋಗಿ ಬರಬೇಕು. ರಿಂಗ್ ರೋಡ್ ಉದ್ದಕ್ಕೂ ಮೆಟ್ರೊ ಕೆಲಸ, ಜಲ್ಲಿ ಲಾರಿ, ಎದುರಿಗೆ ಯಾವಾಗಲೂ ಒಂದು ಬಸ್ಸಿನ ಹಿಂಭಾಗ. ನಾನು ಕನ್ನಡಕ ಹಾಕುತ್ತೇನೆ, ಜಡೆ ಇದೆ, ಕಿವಿಯಲ್ಲಿ ಓಲೆ ಇದೆ. ಗಂಡಸರು ಬರೆಯುವ ಮಾಸ್ಕ್ ವಿಮರ್ಶೆಗಳಲ್ಲಿ ಜಡೆ, ಓಲೆಗಳ ಮಾತೇ ಬರುವುದಿಲ್ಲ. ಅದಕ್ಕೇ ಹೇಳಿದ್ದು.

ನಾವು ತಡೆಯಬೇಕಾದ್ದು ಒಂದಲ್ಲ, ಮೂರು. ಒಂದು, ಕಣ್ಣಿಗೆ ಕಾಣುವ ಧೂಳು. ಎರಡು, ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ತಲೆಕೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ ಇರುತ್ತದೆ, ಲೆಕ್ಕ ಹಾಕಿ. ಡೀಸೆಲ್ ಮಸಿಯ ಕಣಗಳಂತೂ ಬಹುಪಾಲು ಒಂದು ಮೈಕ್ರಾನ್‌ಗಿಂತಲೂ ಚಿಕ್ಕವು. ಮೂರು, ಅನಿಲಗಳು. ಕಾರ್ಬನ್ ಮಾನಾಕ್ಸೈಡನ್ನು ನಾನು ಇಲ್ಲಿ ಹೇಳುವ ಯಾವ ಮಾಸ್ಕೂ ತಡೆಯುವುದಿಲ್ಲ. ಡಬ್ಬಿ ಮೇಲೆ ಏನೇ ಬರೆದಿರಲಿ.

ದೆಹಲಿಗೆ ಹೋಲಿಸಿದರೆ ನಮ್ಮೂರು ವಾಸಿ ಅನ್ನುವವರಿದ್ದಾರೆ. ವಾಸಿಯೇ. ಆದರೆ ಪಿಎಂ 2.5 ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ 2009ರ ಮಾನದಂಡ 40. ಜೊತೆಗೆ ಮಾಲಿನ್ಯ ಅಳೆಯುವ ಯಂತ್ರ ಇರುವ ಜಾಗ ಬೇರೆ, ಸಿಗ್ನಲ್‌ನಲ್ಲಿ ನಮ್ಮ ಮೂಗು ಇರುವ ಜಾಗ ಬೇರೆ. ಮೂಗಿಗೂ ಲಾರಿಯ ಸೈಲೆನ್ಸರ್‌ಗೂ ಒಂದೆರಡು ಮಾರು ಅಷ್ಟೇ.

ದುಪಟ್ಟಾದಿಂದಲೇ ಶುರು ಮಾಡೋಣ. ಮುಖಕ್ಕೆ ಸುತ್ತಿ ತಲೆ ಹಿಂದೆ ಗಂಟು ಹಾಕಿದರೆ ಬಿಸಿಲಿಗೆ ಒಳ್ಳೆಯದು, ಮರಳಿನಂಥ ಧೂಳು ಬಾಯಿಗೆ ಬರುವುದಿಲ್ಲ. ಹೊಗೆಗೆ ಏನೂ ಪ್ರಯೋಜನ ಇಲ್ಲ. ಕತ್ತಿನಿಂದ ಮೇಲಕ್ಕೆ ಎಳೆದುಕೊಳ್ಳುವ ಬಫ್ ಕೂಡ ಅದೇ ಜಾತಿ. ಹೆಲ್ಮೆಟ್ ಒಳಗೆ ಮಾತ್ರ ಇವೆರಡರಷ್ಟು ಆರಾಮ ಬೇರೆ ಯಾವುದೂ ಇಲ್ಲ. ಅದಕ್ಕೇ ಜನ ಬಿಡುವುದಿಲ್ಲ.

ಮೆಡಿಕಲ್ ಸ್ಟೋರ್‌ನ ನೀಲಿ ಸರ್ಜಿಕಲ್ ಮಾಸ್ಕ್‌ನಲ್ಲಿ ಬಟ್ಟೆ ಪರವಾಗಿಲ್ಲ, ಕೂರುವ ರೀತಿ ಸರಿಯಿಲ್ಲ. ಎರಡು ಕೆನ್ನೆಯ ಪಕ್ಕದಲ್ಲೂ ಬೆರಳು ತೂರುವಷ್ಟು ಸಂದಿ. ಗಾಡಿ ವೇಗ ಹಿಡಿದರೆ ಪಟಪಟ ಅನ್ನುತ್ತದೆ. ಬೇಡ.

ಈಗ ಆನ್‌ಲೈನ್‌ನಲ್ಲಿ ಬೈಕ್ ಓಡಿಸುವವರಿಗೇ ಅಂತ ಮಾರುವ ಕಪ್ಪು ಮಾಸ್ಕ್‌ಗಳು. ನಿಯೋಪ್ರೀನ್ ಅನ್ನುವ ರಬ್ಬರಿನಂಥ ದಪ್ಪ ಬಟ್ಟೆ, ಕತ್ತಿನ ಹಿಂದೆ ವೆಲ್ಕ್ರೋ, ಎದುರಿಗೆ ಉಸಿರು ಹೊರಬಿಡುವ ಒಂದೋ ಎರಡೋ ವಾಲ್ವ್, ಒಳಗೆ ಬದಲಿಸುವ ಕಾರ್ಬನ್ ಫಿಲ್ಟರ್. ನೋಡಲು ಭಲೇ ಜೋರು. ಇಂಥವು ಎರಡು ತರಿಸಿದೆ, ಒಂದು ಅಗ್ಗದ್ದು, ಇನ್ನೊಂದು ಅದರ ನಾಲ್ಕು ಪಟ್ಟು ಬೆಲೆಯದು. ಇಬ್ಬರೂ ಒಂದೇ ಕಡೆ ಸೋತರು, ಮೂಗಿನ ಪಕ್ಕದಲ್ಲಿ. ನಿಯೋಪ್ರೀನ್ ದಪ್ಪ, ಮೂಗಿನ ಮೇಲಿನ ಲೋಹದ ಪಟ್ಟಿ ಎಷ್ಟು ಒತ್ತಿದರೂ ಅದು ಬಗ್ಗುವುದಿಲ್ಲ. ಉಸಿರು ಬಿಟ್ಟರೆ ಕನ್ನಡಕ ಮಂಜಾಗುತ್ತದೆ. ಹೊರಗೆ ಹೋಗುವ ಉಸಿರಿಗೆ ಅಲ್ಲಿ ದಾರಿ ಇದೆ ಅಂದರೆ ಒಳಗೆ ಬರುವ ಹೊಗೆಗೂ ದಾರಿ ಇದೆ ಅಂತಲೇ ಅರ್ಥ. ಒಳಗಿನ ಫಿಲ್ಟರ್ ಇನ್ನೂ ತಮಾಷೆ. ಅದು ಅಂಗೈ ಅಗಲದ ಒಂದು ಹಾಳೆ, ಅಂಚಿಗೆ ಅಂಟಿಕೊಳ್ಳುವುದೇ ಇಲ್ಲ. ಎಳೆದ ಗಾಳಿ ಹಾಳೆಯ ಮೂಲಕ ಹೋಗದೆ ಪಕ್ಕದಿಂದ ಬರುತ್ತದೆ.

ಆದರೆ ಒಂದು ವಿಷಯದಲ್ಲಿ ಇವು ಗೆಲ್ಲುತ್ತವೆ, ವಾಸನೆ. ಕಾರ್ಬನ್ ಪದರ ಪೆಟ್ರೋಲ್ ವಾಸನೆ, ಕಸ ಸುಟ್ಟ ವಾಸನೆಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಜನ ಮೋಸ ಹೋಗುವುದೂ ಇಲ್ಲೇ. ವಾಸನೆ ಬರದಿದ್ದರೆ ಹೊಗೆ ನಿಂತಿತು ಅಂತ ಅಂದುಕೊಳ್ಳುತ್ತಾರೆ. ಒಳ್ಳೆಯ ಎನ್95 ಹಾಕಿದರೆ ಇದರ ಉಲ್ಟಾ: ಮಸಿ ನಿಲ್ಲುತ್ತದೆ, ವಾಸನೆ ಹಾಗೇ ಬರುತ್ತದೆ. ಮೂಗನ್ನು ನಂಬಿ ಮಾಸ್ಕ್ ಅಳೆಯಬೇಡಿ.

ಹಾಗಾದರೆ ಹೇಗೆ ಅಳೆಯುವುದು? ಮನೆಗೆ ಬಂದು ಬಿಳಿ ಮಾಸ್ಕ್ ತೆಗೆದು ಒಳಗಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸರಿಯಾಗಿ ಕೂತಿದ್ದರೆ ಹೊರಗಡೆ ಪೂರ್ತಿ ಬೂದು ಬಣ್ಣ, ಒಳಗಡೆ ಬಿಳಿ. ಸೋರಿದ್ದರೆ ಅಂಚಿನಿಂದ ಒಳಕ್ಕೆ ಒಂದು ತೆಳು ಬೂದು ಗೆರೆ ಎಳೆದಿರುತ್ತದೆ, ಸಾಮಾನ್ಯವಾಗಿ ಮೂಗಿನ ಎಡಕ್ಕೋ ಬಲಕ್ಕೋ. ಕೆನ್ನೆಯ ಮೇಲೂ ಅದೇ ಜಾಗದಲ್ಲಿ ಗೆರೆ ಇರುತ್ತದೆ. ಕಪ್ಪು ಮಾಸ್ಕ್‌ನಲ್ಲಿ ಇದು ಕಾಣುವುದೇ ಇಲ್ಲ, ಮಾರುವವರಿಗೆ ಅನುಕೂಲ.

ಎನ್95, ಎಫ್‌ಎಫ್‌ಪಿ2, ಕೆಎನ್95 ಇವೆಲ್ಲ ಹೆಚ್ಚುಕಡಿಮೆ ಒಂದೇ ದರ್ಜೆ. ಎನ್95 ಅಮೆರಿಕದ್ದು, ಹಿಡಿಯಲು ಅತಿ ಕಷ್ಟವಾದ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲಿ ಕನಿಷ್ಠ 95 ಶೇಕಡಾ ತಡೆಯಬೇಕು. ಎಫ್‌ಎಫ್‌ಪಿ2 ಯುರೋಪಿನದು, ಅದಕ್ಕೆ 94. ಕೆಎನ್95 ಚೀನಾದ್ದು. ನಮ್ಮಲ್ಲಿ ಐಎಸ್ 9473 ಅಂತ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ ಇದೆ, ಅದರಲ್ಲೂ ಎಫ್‌ಎಫ್‌ಪಿ2 ಅಂತಲೇ ದರ್ಜೆ. ಮಾಸ್ಕ್ ಮೇಲೆ ಐಎಸ್‌ಐ ಗುರುತು, ಈ ಸಂಖ್ಯೆ, ಜೊತೆಗೆ ಪರವಾನಗಿ ಸಂಖ್ಯೆ ಅಚ್ಚಾಗಿದೆಯೇ ನೋಡಿ. ಅಮೆರಿಕದ ಎನ್95 ಆದರೆ ಟಿಸಿ-84ಎ ಅಂತ ಶುರುವಾಗುವ ಸಂಖ್ಯೆ ಇರುತ್ತದೆ, ಹೆಚ್ಚುಕಡಿಮೆ ಎಲ್ಲಕ್ಕೂ ತಲೆಗೆ ಹಾಕುವ ಎರಡು ಪಟ್ಟಿ ಇರುತ್ತದೆ. ಫುಟ್‌ಪಾತಿನಲ್ಲಿ ಕಿವಿಗೆ ಸಿಕ್ಕಿಸುವ ಮಾಸ್ಕ್ ಮೇಲೆ ದೊಡ್ಡದಾಗಿ ಎನ್95 ಅಂತಷ್ಟೇ ಬರೆದಿದ್ದರೆ ಅದು ಸುಮ್ನೆ ಬರಹ.

ಕಿವಿಗೆ ಸಿಕ್ಕಿಸುವುದು ಸುಲಭ, ಆದರೆ ಸ್ಕೂಟರ್‌ಗೆ ಆಗಿಬರುವುದಿಲ್ಲ. ಹೆಲ್ಮೆಟ್ ಇಳಿಸುವಾಗ ಒಳಗಿನ ಸ್ಪಂಜು ದಾರವನ್ನು ಕೆಳಕ್ಕೆ ತಳ್ಳುತ್ತದೆ, ಮೂಗಿನ ಬಳಿ ಸಡಿಲವಾಗುತ್ತದೆ. ತೆಗೆಯುವಾಗ ಇನ್ನೂ ಕಷ್ಟ. ಹೆಲ್ಮೆಟ್ ಜೊತೆ ಮಾಸ್ಕ್ ಮೇಲೆ ಬರುತ್ತದೆ, ಮಾಸ್ಕ್ ಜೊತೆ ಓಲೆಯೂ ಬರಲು ನೋಡುತ್ತದೆ.

ತಲೆಪಟ್ಟಿಯದು ಹಾಕಿಕೊಳ್ಳಲು ಎರಡು ನಿಮಿಷ ಜಾಸ್ತಿ, ಆದರೆ ಕೂತರೆ ಕೂತಂತೆ. ಕೆಳಗಿನ ಪಟ್ಟಿ ಜಡೆಯ ಕೆಳಗೆ, ಕತ್ತಿಗೆ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ. ಮೂಗಿನ ಪಟ್ಟಿಯನ್ನು ಎರಡೂ ಕೈಯ ಬೆರಳಿಂದ ಒತ್ತಬೇಕು, ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬೀಳುತ್ತದೆ. ಆಮೇಲೆ ಹೆಲ್ಮೆಟ್‌ನ ಎರಡು ಬದಿಯ ಪಟ್ಟಿ ಹಿಡಿದು ಹೊರಕ್ಕೆ ಅಗಲಿಸಿ ಇಳಿಸಿ, ಮತ್ತೊಮ್ಮೆ ಮೂಗು ಒತ್ತಿ. ವಾಲ್ವ್ ಇರುವುದಾದರೆ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಎಳೆಯಿರಿ. ಮಾಸ್ಕ್ ಒಳಕ್ಕೆ ಸೆಳೆದುಕೊಂಡರೆ ಸರಿಯಾಗಿ ಕೂತಿದೆ. ತುರುಬು ಕಟ್ಟಿ ಮೇಲೆ ಕ್ಲಿಪ್ ಹಾಕುವವರಿಗೆ ಇದು ಕಷ್ಟ. ಆದರೆ ಅವರಿಗೆ ಹೆಲ್ಮೆಟ್ಟೂ ಕಷ್ಟವೇ, ಅಲ್ವಾ?

ಇದರಲ್ಲೇ ಎರಡು ಆಕಾರ. ಗಟ್ಟಿ ಬಟ್ಟಲಿನದು ಓಪನ್ ಫೇಸ್, ಅಂದರೆ ಗದ್ದ ಮುಚ್ಚದ ಹೆಲ್ಮೆಟ್‌ಗೆ ಚೆನ್ನ, ಮುಖಕ್ಕೆ ಅಂಟುವುದಿಲ್ಲ. ಫುಲ್ ಫೇಸ್ ಒಳಗೆ ಅದು ಗದ್ದದ ಮುಂದಿನ ಭಾಗಕ್ಕೆ ತಗುಲಿ ಓರೆಯಾಗುತ್ತದೆ. ಅಲ್ಲಿ ಮಡಚಿ ಇಡುವ ಚಪ್ಪಟೆ ಮಾಸ್ಕ್ ಗೆದ್ದಿತು. ನಾನು ಈಗ ಹಾಕುವುದು ಇದೇ: ಮಡಚುವ ಎಫ್‌ಎಫ್‌ಪಿ2, ತಲೆಪಟ್ಟಿ, ಪಕ್ಕಕ್ಕೆ ಸಣ್ಣ ವಾಲ್ವ್.

ವಾಲ್ವ್ ಅಂದ ಕೂಡಲೇ ಕೋವಿಡ್ ಕಾಲದ ಮಾತು ಬರುತ್ತದೆ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವಾಲ್ವ್ ಇರುವ ಎನ್95 ಬೇಡ ಅಂತ ರಾಜ್ಯಗಳಿಗೆ ಪತ್ರ ಬರೆದಿದ್ದರು. ಅದು ನಮ್ಮ ಉಸಿರು ಬೇರೆಯವರಿಗೆ ತಗುಲಬಾರದು ಅಂತ. ರಸ್ತೆಯಲ್ಲಿ ನಮಗೆ ಬೇಕಾದ್ದು ಒಳಗೆ ಬರುವ ಗಾಳಿಯ ಶುದ್ಧಿ, ಅದಕ್ಕೆ ವಾಲ್ವ್‌ನಿಂದ ತೊಂದರೆ ಇಲ್ಲ. ಬಿಸಿ ಉಸಿರು ಕೆಳಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ವೈಸರ್ ಹಾಕಿದಾಗ ಕನ್ನಡಕಕ್ಕೆ ಆಗುವ ವ್ಯತ್ಯಾಸ ಹಾಕಿದವರಿಗೇ ಗೊತ್ತು.

ನಮ್ಮನೆಯವರಿಗೂ ಅದೇ ಮಾಸ್ಕ್ ಕೊಟ್ಟೆ. ಅವರಿಗೆ ಗಡ್ಡ. ಕೈ ಮುಚ್ಚಿ ಉಸಿರು ಎಳೆದರೆ ಮಾಸ್ಕ್ ಅಲ್ಲಾಡಲೇ ಇಲ್ಲ, ಗಾಳಿಯೆಲ್ಲ ಗಡ್ಡದ ಮೂಲಕ ಸಲೀಸಾಗಿ ಬಂತು. ಗಡ್ಡ ಇರುವವರಿಗೆ ಅಂಚು ಮುಖಕ್ಕೆ ತಗುಲುವ ಯಾವ ಮಾಸ್ಕೂ ಪೂರ್ತಿ ಕೆಲಸ ಮಾಡುವುದಿಲ್ಲ, ಮೀಸೆ ಮಾತ್ರ ಆದರೆ ಪರವಾಗಿಲ್ಲ. "ಗಡ್ಡ ತೆಗೀರಿ" ಅಂದೆ. "ಮೆಟ್ರೊ ಆಗ್ಲಿ, ಅದ್ರಲ್ಲಿ ಹೋಗ್ತೀನಿ" ಅಂದರು.

ಇನ್ನು ಕಾರ್ಖಾನೆಯವರು ಹಾಕುವ ರಬ್ಬರ್ ಹಾಫ್ ಮಾಸ್ಕ್. ಮೃದು ರಬ್ಬರ್ ಮುಖ, ಎರಡು ಬದಿಗೆ ದುಂಡು ಫಿಲ್ಟರ್. ಪಿ100 ಫಿಲ್ಟರ್ ಆದರೆ 99.97 ಶೇಕಡಾ ಕಣ ತಡೆಯುತ್ತದೆ. ಎಸ್‌ಜೆಪಿ ರಸ್ತೆಯಲ್ಲಿ ಕೇಳಿದಾಗ ಅಂಗಡಿಯವರು "ಪೇಂಟಿಂಗ್ ಕೆಲಸಕ್ಕಾ ಮೇಡಂ?" ಅಂದರು. ಬರೀ ಗಾಳಿಯ ವಿಷಯ ಆದರೆ ಇದರ ಹತ್ತಿರ ಯಾವುದೂ ಬರುವುದಿಲ್ಲ. ಮೂಗಿನ ಹತ್ತಿರ ಸೋರಿಕೆ ಇಲ್ಲ, ಕನ್ನಡಕ ಮಂಜಾಗುವುದಿಲ್ಲ, ಉಸಿರಾಟವೂ ಸಲೀಸು. ಆದರೆ ಫುಲ್ ಫೇಸ್ ಹೆಲ್ಮೆಟ್ ಒಳಗೆ ಎರಡು ಬದಿಯ ಫಿಲ್ಟರ್‌ಗೆ ಜಾಗವೇ ಇಲ್ಲ. ಓಪನ್ ಫೇಸ್‌ನಲ್ಲಿ ಹಿಡಿಸುತ್ತದೆ. ಆಫೀಸಿನ ಗೇಟ್‌ನಲ್ಲಿ ಸೆಕ್ಯುರಿಟಿ ತಡೆದು ಗುರುತಿನ ಚೀಟಿ ಕೇಳಿದ. ಇದಕ್ಕೋಸ್ಕರ ಫುಲ್ ಫೇಸ್ ಬಿಟ್ಟು ಓಪನ್ ಫೇಸ್ ಹಾಕಬೇಡಿ. ಬಿದ್ದರೆ ಎಷ್ಟೋ ಸಲ ಗದ್ದವೇ ನೆಲಕ್ಕೆ ಬಡಿಯುತ್ತದೆ, ಶ್ವಾಸಕೋಶದ ಮಾತು ಆಮೇಲೆ. ಸೈಕಲ್ ತುಳಿಯುವವರಿಗೆ ಮಾತ್ರ ಇದನ್ನೇ ಹೇಳುತ್ತೇನೆ. ಅವರ ಹೆಲ್ಮೆಟ್ ಮುಖಕ್ಕೆ ಬರುವುದೇ ಇಲ್ಲ, ಅವರು ಎಳೆಯುವ ಉಸಿರೂ ನಮ್ಮದಕ್ಕಿಂತ ಎಷ್ಟೋ ಪಟ್ಟು.

ಬ್ಯಾಟರಿ ಫ್ಯಾನ್ ಇರುವ ಮಾಸ್ಕನ್ನು ಗೆಳತಿಯದು ಇಸಕೊಂಡು ಹಾಕಿ ನೋಡಿದೆ. ಕೆನ್ನೆ ತಂಪಾಗುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಅಷ್ಟೇ.

ಆಸ್ತಮಾ, ಹೃದಯದ ತೊಂದರೆ ಇರುವವರು, ಬಸುರಿಯರು ಬಿಗಿ ಮಾಸ್ಕ್ ಹಾಕುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಮಕ್ಕಳಿಗೆ ದೊಡ್ಡವರ ಅಳತೆ ಕೂರುವುದಿಲ್ಲ, ಹಾಕಿಸಿಯೂ ಪ್ರಯೋಜನ ಇಲ್ಲ.

ಒಂದು ಎಫ್‌ಎಫ್‌ಪಿ2 ಎಷ್ಟು ದಿನ ಬರುತ್ತದೆ ಅನ್ನುವುದು ನೀವು ಓಡಾಡುವ ರಸ್ತೆ ಎಂಥದು ಅನ್ನುವುದರ ಮೇಲಿದೆ. ಉಸಿರು ಎಳೆಯಲು ಬಿಗಿ ಅನಿಸಿದಾಗ, ಪಟ್ಟಿ ಸಡಿಲವಾದಾಗ, ಒಳಗಡೆ ಬೂದು ಕಂಡಾಗ ಎಸೆಯುತ್ತೇನೆ. ಹೆಚ್ಚಿನ ಸಲ ಮೊದಲು ಸೋಲುವುದು ಫಿಲ್ಟರ್ ಅಲ್ಲ, ಪಟ್ಟಿ. ಒಗೆಯಲು ಮಾತ್ರ ಹೋಗಬೇಡಿ, ಸ್ಯಾನಿಟೈಸರ್ ಕೂಡ ಸಿಂಪಡಿಸಬೇಡಿ. ಈ ಮಾಸ್ಕ್‌ನ ಒಳಪದರದ ನಾರಿಗೆ ವಿದ್ಯುತ್ ಅಂಶ ತುಂಬಿರುತ್ತಾರೆ, ಸಣ್ಣ ಕಣ ಸೆಳೆದು ಹಿಡಿಯುವುದು ಅದೇ. ಸೋಪು, ಸ್ಪಿರಿಟ್ ತಾಗಿದರೆ ಆ ಶಕ್ತಿ ಹೋಗುತ್ತದೆ. ಸ್ಕೂಟರ್ ಸೀಟಿನ ಕೆಳಗೂ ಹಾಗೇ ಎಸೆಯಬೇಡಿ. ಅಲ್ಲಿ ಒದ್ದೆ ರೈನ್‌ಕೋಟ್, ಎಣ್ಣೆ ಬಟ್ಟೆ ಇರುತ್ತವೆ. ಒಂದು ಕಾಗದದ ಕವರ್‌ನಲ್ಲಿ ಹಾಕಿ ಬ್ಯಾಗಿನಲ್ಲಿ ಇಡಿ.

ಬಿಡಿಯಾಗಿ ಮೆಡಿಕಲ್ ಸ್ಟೋರ್‌ನಲ್ಲಿ ತೆಗೆದುಕೊಳ್ಳುವುದಕ್ಕಿಂತ ಎಸ್‌ಜೆಪಿ ರಸ್ತೆಯ ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಒಂದು ಡಬ್ಬಿ ತಂದರೆ ಅಗ್ಗ. ಮೊದಲು ಒಂದೇ ಒಂದು ಕೊಂಡು, ನಿಮ್ಮ ಹೆಲ್ಮೆಟ್ ಜೊತೆ ಹಾಕಿ ನೋಡಿ, ಆಮೇಲೆ ಡಬ್ಬಿ ಕೇಳಿ. ಹೆಲ್ಮೆಟ್ ಕೈಯಲ್ಲೇ ಒಯ್ಯಿರಿ. ಭಾನುವಾರ ಹೋಗಬೇಡಿ, ಮುಕ್ಕಾಲು ಅಂಗಡಿ ಬಾಗಿಲು ಹಾಕಿರುತ್ತವೆ.