ಮಳೆಗಾಲದ ಲೆಕ್ಕ ತೋರಿಸದವರಿಗೆ ಸೋಲಾರ್ ಅಡ್ವಾನ್ಸ್ ಕೊಡಬೇಡಿ

"ಊರಿಗೇ ಸ್ವಂತ ಕರೆಂಟ್, ಮಳೆಗಾಲದಲ್ಲೂ 24 ಗಂಟೆ" ಎನ್ನುವ ಬಣ್ಣದ ಹಾಳೆ ಹಿಡಿದುಕೊಂಡು ಒಂದು ತಂಡ ಈಗ ಸಕಲೇಶಪುರ, ಬೇಲೂರಿನ ಕಡೆ ತಿರುಗುತ್ತಿದೆ ಎಂದು ನೆಂಟರೊಬ್ಬರು ಹೇಳಿದರು. ಅದೇ ಹಾಳೆ, ಅದೇ ಮಾತು. ನಮ್ಮೂರಿಗೂ ಅವರೇ ಬಂದಿದ್ದರು. ಮೂಡಿಗೆರೆ ತಾಲ್ಲೂಕಿನ ಘಟ್ಟದಂಚಿನ ನಮ್ಮ 22 ಮನೆಗಳು ಎರಡು ಕಂತಿನಲ್ಲಿ ಆರು ಲಕ್ಷದ ಹತ್ತಿರ ದುಡ್ಡು ಕೊಟ್ಟು ಕೂತಿದ್ದೇವೆ. ಕಂಪನಿಯ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ನಡೆಯುತ್ತಿದೆ. ಹೆಸರಿಗಿಂತ ಅವರು ಮೋಸ ಮಾಡುವ ರೀತಿ ತಿಳಿದರೆ ಹೆಚ್ಚು ಉಪಯೋಗ, ಯಾಕೆಂದರೆ ಹೆಸರು ಬದಲಾಯಿಸುವುದು ಸುಲಭ.

ಮಲೆನಾಡಿನಲ್ಲಿರುವವರಿಗೆ ನಮ್ಮ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ಎಲ್ಲೋ ತೋಟದ ಮಧ್ಯೆ ಲೈನಿನ ಮೇಲೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ. ಲೈನ್‌ಮ್ಯಾನ್‌ಗಳು ಸುರಿಯುವ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಬಂದು ಸರಿ ಮಾಡುವಷ್ಟರಲ್ಲಿ ಇನ್ನೊಂದು ಕಡೆ ಮರ ಬಿದ್ದಿರುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ. ದೊಡ್ಡ ಎಸ್ಟೇಟಿನವರಿಗೆ ಜನರೇಟರ್ ಇದೆ. ತೋಟದ ಕೂಲಿಯವರ ಲೈನ್ ಮನೆಗಳಿಗೆ, ಒಂದೆರಡು ಎಕರೆಯವರಿಗೆ ಮೇಣದಬತ್ತಿಯೇ ಗತಿ. ಆದ್ದರಿಂದ ಊರಿನವರೆಲ್ಲ ಸೇರಿ ಒಂದು ಸಣ್ಣ ಗ್ರಿಡ್, ಅಂದರೆ ಊರಿನದೇ ಕರೆಂಟ್ ಜಾಲ ಮಾಡಿಕೊಳ್ಳುವುದು, ಲೈನ್ ಹೋದರೂ ನಮ್ಮ ದೀಪ ನಾವು ಉರಿಸಿಕೊಳ್ಳುವುದು ಅಂದರೆ ಅದು ನಿಜಕ್ಕೂ ಒಳ್ಳೆಯ ವಿಚಾರ. ಈಗಲೂ ಹಾಗೆಯೇ ನಂಬಿದ್ದೇನೆ. ಹೀಗೆ ನಂಬಿದ ಊರುಗಳನ್ನೇ ಇವರು ಹುಡುಕಿಕೊಂಡು ಬರುತ್ತಾರೆ ಎಂಬುದೇ ನನ್ನ ಸಿಟ್ಟು.

ಹಾಳೆಯಲ್ಲಿದ್ದ ಲೆಕ್ಕ ಇಷ್ಟು: ಸಮುದಾಯ ಭವನದ ಮೇಲೆ 6 ಕಿಲೋವ್ಯಾಟ್ ಪ್ಯಾನೆಲ್. ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್, ಒಟ್ಟು 24 ಯೂನಿಟ್. 22 ಮನೆಗೆ ಹಂಚಿದರೆ ಮನೆಗೆ ಒಂದು ಯೂನಿಟ್‌ಗಿಂತ ಹೆಚ್ಚು. ಲೆಕ್ಕದಲ್ಲಿ ತಪ್ಪಿಲ್ಲ. ಕರ್ನಾಟಕದಲ್ಲಿ ವರ್ಷದ ಸರಾಸರಿ ಹಿಡಿದರೆ ಒಂದು ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಆಸುಪಾಸು ಬರುತ್ತದೆ. ಆದರೆ ನಮಗೆ ಬೇಕಾಗಿದ್ದದ್ದು ವರ್ಷದ ಸರಾಸರಿ ಅಲ್ಲ, ಪುಷ್ಯ ಮಳೆಯ ರಾತ್ರಿಗೆ ಬೇಕಾದ ಕರೆಂಟು.

ಬೇಸಿಗೆಯಲ್ಲಿ ಪ್ಯಾನೆಲ್ ಕೂತಿತು, ಭವನದಿಂದ ಮನೆಮನೆಗೆ ಎರಡನೇ ತಂತಿ ಬಂತು, ಉದ್ಘಾಟನೆಯೂ ಆಯಿತು. ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಒಂದು ಸಂಜೆ ಗುಡುಗು, ಗಾಳಿ, ಸಿಲ್ವರ್ ಓಕ್ ಮುರಿದು ಲೈನಿಗೆ ಬಿತ್ತು. ಮರುದಿನ ಬೆಳಿಗ್ಗೆ ಬಿಸಿಲು ಕಣ್ಣು ಕುಕ್ಕುವ ಹಾಗಿತ್ತು. ಪ್ಯಾನೆಲ್‌ಗಳು ಮಳೆಗೆ ತೊಳೆದು ಫಳಫಳ ಹೊಳೆಯುತ್ತಿದ್ದವು. ಒಂದು ಮನೆಯಲ್ಲೂ ಕರೆಂಟಿಲ್ಲ! ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಬಳಸುವ ಕರೆಂಟಾಗಿ ಬದಲಿಸುವ ಇನ್ವರ್ಟರ್ ಭವನದ ಗೋಡೆಯ ಮೇಲಿತ್ತು, ಅದರಲ್ಲಿ ಕೆಂಪು ದೀಪ. ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿ ಅದರ ಪುಟ್ಟ ಪರದೆ ಒರೆಸಿ ಓದಿ ಹೇಳಿದಳು: "ನೋ ಗ್ರಿಡ್ ಅಂತ ಬರ್ತಿದೆ ಅಣ್ಣ."

ಅದು ಗ್ರಿಡ್ ಟೈ ಇನ್ವರ್ಟರ್, ಇಲ್ಲಿ ಗ್ರಿಡ್ ಅಂದರೆ ಮೇನ್ ಲೈನ್. ಊರಿನ ಮೇನ್ ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಲೈನ್ ಹೋದ ಕ್ಷಣವೇ ತಾನೂ ನಿಲ್ಲುತ್ತದೆ, ಮೇಲೆ ಎಷ್ಟೇ ಬಿಸಿಲಿರಲಿ. ಕೆಟ್ಟು ಹೋಗಿ ಹಾಗಾಗುವುದಲ್ಲ, ನಿಯಮ ಪ್ರಕಾರ ಹಾಗೆಯೇ ಇರಬೇಕು. ಯಾಕೆ ಎಂದು ಆವತ್ತೇ ಮಧ್ಯಾಹ್ನ ಗೊತ್ತಾಯಿತು. ಲೈನ್‌ಮ್ಯಾನ್ ಬಂದವರು ಕಂಬದ ಬುಡದಲ್ಲಿ ನಿಂತು ಮೊದಲು ಕೇಳಿದ ಮಾತು: "ಯಾರ ಮನೇಲಿ ಜನರೇಟರ್ ಓಡ್ತಿದೆ, ಸೋಲಾರ್ ಎಲ್ಲಿದೆ ಹೇಳ್ರಣ್ಣ, ಮೊದ್ಲು ಆಫ್ ಮಾಡ್ಸಿ. ಆಮೇಲೆ ಹತ್ತೋದು." ಸತ್ತಿದೆ ಎಂದುಕೊಂಡ ತಂತಿಗೆ ಯಾವುದೋ ಮನೆಯ ಕರೆಂಟು ಹಿಮ್ಮುಖವಾಗಿ ಹರಿದರೆ ಕಂಬದ ಮೇಲಿದ್ದವನ ಪ್ರಾಣವೇ ಹೋಗುತ್ತದೆ. ಗ್ರಿಡ್ ಟೈ ಇನ್ವರ್ಟರ್ ನಿಲ್ಲುವುದು ಆ ಜೀವ ಉಳಿಸಲಿಕ್ಕೆ. ಕರೆಂಟ್ ಬಿಲ್ ಕಡಿಮೆ ಮಾಡಿಕೊಳ್ಳುವ ಪಟ್ಟಣದ ಮನೆಗೆ ಅದು ಸರಿಯಾದ ವಸ್ತು. ಲೈನ್ ಹೋದಾಗ ದೀಪ ಬೇಕು ಎಂದು ಕೇಳಿದ ಊರಿಗೆ ಗೊತ್ತಿದ್ದೂ ಅದನ್ನು ಮಾರಿದ್ದು ಶುದ್ಧ ಮೋಸ.

ಫೋನ್ ಮಾಡಿದರೆ ಅವರ ಉತ್ತರ ತಯಾರಾಗಿಯೇ ಇತ್ತು. "ಬ್ಯಾಕಪ್ ಬೇಕಂದ್ರೆ ಬ್ಯಾಟರಿ ಬೇರೆ ಸಾರ್, ಇನ್ವರ್ಟರ್ರೂ ಹೈಬ್ರಿಡ್ ಮಾಡಿಸ್ಬೇಕು." ಹೈಬ್ರಿಡ್ ಅಂದರೆ ಲೈನ್ ಇಲ್ಲದಾಗಲೂ ಬ್ಯಾಟರಿಯಿಂದ ಕರೆಂಟ್ ಕೊಡುವಂಥದ್ದು. ಮೊದಲ ಕಂತು ಮನೆಗೆ 18 ಸಾವಿರ, ಇದಕ್ಕೆ ಇನ್ನೂ 9 ಸಾವಿರ. ಇಷ್ಟು ಹಾಕಿದ ಮೇಲೆ ಅರ್ಧಕ್ಕೆ ಬಿಡುವುದು ಹೇಗೆ ಎಂದು ಊರೆಲ್ಲ ಕೊಟ್ಟಿತು. ಅವರ ವ್ಯಾಪಾರ ನಿಂತಿರುವುದೇ ಈ ಎರಡನೇ ಕಂತಿನ ಮೇಲೆ.

ಈಗ ಬ್ಯಾಟರಿ ಲೆಕ್ಕ ಕೇಳಿ, ದಯವಿಟ್ಟು ಪೆನ್ನು ಹಿಡಿದು ನೀವೇ ಮಾಡಿ ನೋಡಿ. ಬಂದದ್ದು 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿ, ಎಂಟು. ಒಂದರಲ್ಲಿ 12 ಗುಣಿಸು 150, ಅಂದರೆ 1.8 ಯೂನಿಟ್. ಎಂಟರಲ್ಲಿ 14.4. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ನಿಜಕ್ಕೂ ಬಳಸಬಹುದಾದದ್ದು 7 ಯೂನಿಟ್. 22 ಮನೆಗೆ ಹಂಚಿದರೆ ಮನೆಗೆ ಒಂದು ಯೂನಿಟಿನ ಮೂರನೇ ಒಂದು ಪಾಲು. ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ, ಎರಡು ಗಂಟೆ ಟೀವಿ, ಫೋನ್ ಚಾರ್ಜು, ಮುಗಿಯಿತು. 24 ಯೂನಿಟ್ ಉತ್ಪಾದನೆ ಎಂಬ ಅವರ ಲೆಕ್ಕ ಕಡು ಬೇಸಿಗೆಯಲ್ಲೂ ರಾತ್ರಿಯ ಮಟ್ಟಿಗೆ ಸುಳ್ಳು, ಹಿಡಿದಿಟ್ಟುಕೊಳ್ಳುವ ಜಾಗವೇ ಇಲ್ಲ.

ಇದೂ ಬ್ಯಾಟರಿ ತುಂಬಿದ ದಿನದ ಮಾತು. ಕಾರ್ಮೋಡ ಕವಿದ ದಿನ ಪ್ಯಾನೆಲ್ ಬಿಸಿಲಿನ ದಿನದ ನಾಲ್ಕನೇ ಒಂದು ಪಾಲೂ ಕೊಡುವುದಿಲ್ಲ. ನಮ್ಮ ಕಡೆ ಜುಲೈಯಲ್ಲಿ ಸೂರ್ಯನ ಮುಖ ಕಾಣದೆ ವಾರ ಕಳೆಯುತ್ತದೆ. ಬ್ಯಾಟರಿ ಒಂದು ದಿನವೂ ಪೂರ್ತಿ ತುಂಬದೆ ಪ್ರತಿ ರಾತ್ರಿ ಬರಿದಾಗುತ್ತಾ ಹೋಯಿತು. ಹೀಗೆ ಅರೆಹೊಟ್ಟೆಯಲ್ಲಿ ಇಟ್ಟರೆ ಒಳಗಿನ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟುತ್ತದೆ, ಆಮೇಲೆ ಎಷ್ಟು ಬಿಸಿಲು ಕೊಟ್ಟರೂ ಅದು ಮೊದಲಿನಂತೆ ತುಂಬುವುದಿಲ್ಲ. ಯಾರ ಮನೆಗೂ ಲೋಡ್ ಮಿತಿಯ ಸ್ವಿಚ್ ಹಾಕಿರಲಿಲ್ಲ, ಮೀಟರೂ ಇರಲಿಲ್ಲ. ಒಂದು ಮನೆಯವರು ಮಿಕ್ಸಿ ಹಾಕಿದರೆ, ಇನ್ನೊಬ್ಬರು ನೀರು ಕಾಯಿಸುವ ಕಾಯಿಲ್ ಅದ್ದಿದರೆ ಊರೇ ಕತ್ತಲು. ಕತ್ತಲಿಗಿಂತ ಬೇಜಾರಾದದ್ದು ಜಗಳ. ಮದುವೆ ಮನೆ, ಸಾವಿನ ಮನೆ ಅಂತ ಒಟ್ಟಿಗೆ ನಿಂತ ಜನ, ಯಾರು ಕಾಯಿಲ್ ಹಾಕಿದ್ದು ಎಂದು ಒಬ್ಬರ ಮನೆ ಬಾಗಿಲಲ್ಲಿ ಒಬ್ಬರು ನಿಂತು ಕೂಗಾಡಿದರು.

ಕೊನೆಗೆ ಪೇಟೆಯಿಂದ ಒಬ್ಬ ಹಳೆಯ ಬ್ಯಾಟರಿ ಮೆಕ್ಯಾನಿಕ್ಕನ್ನು ಕರೆಸಿದೆವು. ಅವರು ಒಂದೊಂದೇ ಮುಚ್ಚಳ ತಿರುಗಿಸಿ ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ಬೆಳಕಿಗೆ ಹಿಡಿದರು. ತುಂಬಿದ ಬ್ಯಾಟರಿಯಲ್ಲಿ ಒಳಗಿನ ತೇಲುಗುಂಡು ಹಸಿರು ಗೆರೆಗೆ ಏರಬೇಕು. ನಮ್ಮದರಲ್ಲಿ ಅದು ಕೆಂಪಿನಲ್ಲೇ ಕೂತಿತ್ತು. ಎರಡು ಬ್ಯಾಟರಿಯಲ್ಲಂತೂ ಪ್ಲೇಟು ಮುಳುಗುವಷ್ಟು ನೀರೇ ಇಲ್ಲ. ಆಮೇಲೆ ಮೇಲಿನ ಚೀಟಿ ಒರೆಸಿ ತೋರಿಸಿದರು: ಸಿ20, ಅಂದರೆ 20 ಗಂಟೆಯಲ್ಲಿ ನಿಧಾನವಾಗಿ ಬರಿದು ಮಾಡಿ ಅಳೆದ ಸಾಮರ್ಥ್ಯ. ಅದು ಅಂಗಡಿ, ಮನೆಗಳಲ್ಲಿ ಸಾಮಾನ್ಯ ಇನ್ವರ್ಟರಿಗೆ ಹಾಕುವ ಬ್ಯಾಟರಿ. ಸೋಲಾರಿಗೆ ಸಿ10, ಅಂದರೆ 10 ಗಂಟೆಯ ಲೆಕ್ಕದ್ದು ಎಂದು ಬರೆದದ್ದು ಬರಬೇಕು. ತಯಾರಾದ ತಿಂಗಳು ಬರೆದಿರುವ ಜಾಗವನ್ನು ಯಾರೋ ಕೆರೆದಿದ್ದರು.

ಸಬ್ಸಿಡಿ ಮಾತಿಗೂ ಬರುತ್ತೇನೆ, ಇದರಲ್ಲಿ ಬಡವರು ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಮೇಲೆ ಎಷ್ಟೇ ಇದ್ದರೂ 78 ಸಾವಿರ. "ಪ್ರತಿ ಮನೆಗೆ 78 ಸಾವಿರ ಬರುತ್ತೆ, ಆಧಾರ್ ಕೊಡಿ, ನಾವೇ ಮಾಡಿಸ್ತೀವಿ" ಎಂದು ಇವರು ಕಾರ್ಡಿನ ಜೆರಾಕ್ಸ್ ತೆಗೆದುಕೊಂಡು ಹೋದರು. ಆ ಹಣ ನಿಮ್ಮ ಸ್ವಂತ ಮನೆಯ ಚಾವಣಿ, ನಿಮ್ಮ ಹೆಸರಿನ ಮೀಟರು, ಗ್ರಿಡ್ಡಿಗೆ ಸೇರಿಸಿದ ಪ್ಯಾನೆಲ್‌ಗೆ. ಪ್ಯಾನೆಲ್ ಭಾರತದಲ್ಲೇ ತಯಾರಾದದ್ದಿರಬೇಕು, ಹಾಕುವವರು ಯೋಜನೆಯಲ್ಲಿ ನೋಂದಾಯಿಸಿಕೊಂಡಿರಬೇಕು, ದುಡ್ಡು ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಭವನದ ಮೇಲೆ ಎಲ್ಲರಿಗೂ ಸೇರಿಸಿ ಹಾಕಿದ ಪ್ಯಾನೆಲ್‌ಗೆ ಮನೆಮನೆಗೂ 78 ಸಾವಿರ ಬರುವ ದಾರಿಯೇ ಇಲ್ಲ.

ದುಡ್ಡು ಹಾಕುವ ಮೊದಲು ಊರಿನವರು ಕೂತು ಮಾತಾಡಬೇಕಾದ ಇನ್ನೊಂದು ವಿಷಯ ತಿಂಗಳ ವಂತಿಗೆ. ನಮ್ಮಲ್ಲಿ ಬಹಳ ಮನೆಗಳಿಗೆ 2023ರಿಂದ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಮೇನ್ ಲೈನ್ ಕರೆಂಟೇ ಪುಕ್ಕಟೆ ಬರುವಾಗ ಊರಿನ ಗ್ರಿಡ್ಡಿಗೆ ತಿಂಗಳಿಗೆ ಇಷ್ಟು ಎಂದು ವರ್ಷವಿಡೀ ಯಾರು ಕೊಡುತ್ತಾರೆ? ಕೊಡದಿದ್ದರೆ ಡಿಸ್ಟಿಲ್ಡ್ ವಾಟರ್ ಯಾರು ತರುತ್ತಾರೆ, ಕೆಲವು ವರ್ಷಕ್ಕೆ ಹೊಸ ಬ್ಯಾಟರಿಗೆ ದುಡ್ಡೆಲ್ಲಿ? ಬಿಹಾರದ ಜೆಹಾನಾಬಾದ್ ಜಿಲ್ಲೆಯ ಧರ್ನೈ ಗ್ರಾಮದಲ್ಲಿ 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆ 100 ಕಿಲೋವ್ಯಾಟಿನ ಸೋಲಾರ್ ಮೈಕ್ರೋಗ್ರಿಡ್ ಮಾಡಿತ್ತು. ದೇಶವೆಲ್ಲ ಸುದ್ದಿಯಾದ ಕೆಲಸ. ಅದರ ಬೆನ್ನಿಗೇ ಕಡಿಮೆ ದರದ ಮೇನ್ ಲೈನ್ ಬಂತು, ಬ್ಯಾಟರಿ ಸೋತವು, ಕೆಲವೇ ವರ್ಷದಲ್ಲಿ ಅದು ನಿಂತುಹೋಯಿತು. ಅಲ್ಲಿ ಒಳ್ಳೆಯ ಉದ್ದೇಶದವರು ಮಾಡಿಯೂ ಹಾಗಾಯಿತು. ನಮ್ಮಲ್ಲಿಗೆ ಬಂದವರಿಗೆ ಆ ಉದ್ದೇಶವೂ ಇರಲಿಲ್ಲ.

ಮನೆಯಿಂದ ಮನೆಗೆ ತಂತಿ ಎಳೆಯುವುದೂ ಸುಮ್ಮನೆ ಮಾಡುವ ಕೆಲಸವಲ್ಲ. 2003ರ ವಿದ್ಯುತ್ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಸರ್ಕಾರ ಅಧಿಸೂಚಿಸಿದ ಗ್ರಾಮೀಣ ಪ್ರದೇಶಕ್ಕೆ ಲೈಸೆನ್ಸ್ ವಿನಾಯಿತಿ ಇದೆ, ಆದರೆ ಸುರಕ್ಷತೆಯ ನಿಯಮಗಳಿಗೆ ವಿನಾಯಿತಿ ಇಲ್ಲ. ಇವರು ಎರಡು ತಂತಿ ಬಂದ ಮನೆಗಳಿಗೆ ಒಮ್ಮೆಗೆ ಒಂದೇ ತಂತಿಯನ್ನು ಮನೆಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಕೂಡ ಹಾಕಿರಲಿಲ್ಲ. ಆವತ್ತು ಕಂಬ ಹತ್ತಿದ ಆ ಲೈನ್‌ಮ್ಯಾನ್ ನೆನಪಾದರೆ ಈಗಲೂ ಮೈ ಜುಮ್ ಎನ್ನುತ್ತದೆ. ಬ್ಯಾಟರಿ, ಹೈಬ್ರಿಡ್ ಇನ್ವರ್ಟರ್ ಬಂದ ಮೇಲೆ ಅವರು ಹತ್ತಿದ್ದಿದ್ದರೆ?

ನನಗೆ ಇನ್ನೂ ಸಂಕಟವಾಗುವುದು ಹಳ್ಳ ನೋಡಿದಾಗ. ಸೂರ್ಯ ಮರೆಯಾಗುವ ತಿಂಗಳುಗಳಲ್ಲೇ ನಮ್ಮ ಹಳ್ಳ ಭೋರ್ಗರೆಯುತ್ತದೆ. ಹತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಲೀಟರ್ ನೀರು ಪೈಪಿನಲ್ಲಿ ಬಂದರೆ ಅದರಲ್ಲಿ ಸುಮಾರು 980 ವ್ಯಾಟ್ ಶಕ್ತಿ ಇದೆ. ಅರ್ಧ ಸೋರಿಹೋದರೂ 490 ವ್ಯಾಟ್. ಕಡಿಮೆ ಅನ್ನಿಸಬಹುದು, ಆದರೆ ಅದು ಹಗಲು ರಾತ್ರಿ ಓಡುತ್ತದೆ: ದಿನಕ್ಕೆ ಸುಮಾರು 12 ಯೂನಿಟ್. 3 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ಕೊಡುವಷ್ಟೇ, ಅದೂ ಪುಷ್ಯ ಮಳೆಯಲ್ಲಿ. ಚಿಕ್ಕಮಗಳೂರು, ಶಿವಮೊಗ್ಗ, ದಕ್ಷಿಣ ಕನ್ನಡದ ಘಟ್ಟದ ಮನೆಗಳಲ್ಲಿ ಹಳ್ಳದ ನೀರಿನಿಂದ ತಿರುಗಿ ಕರೆಂಟ್ ಕೊಡುವ ಪುಟ್ಟ ಟರ್ಬೈನ್‌ಗಳು ಬಹಳ ಹಿಂದಿನಿಂದ ಓಡುತ್ತಿವೆ. ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡರೆ ಮಳೆಯಲ್ಲೇ ಹೋಗಿ ತೆಗೆಯಬೇಕು, ಬೇಸಿಗೆಗೆ ಹಳ್ಳ ಬತ್ತುತ್ತದೆ, ಅದೂ ನಿಜ. ಅದಕ್ಕೇ ಮಳೆಗಾಲಕ್ಕೆ ಹಳ್ಳ, ಬೇಸಿಗೆಗೆ ಬಿಸಿಲು ಎಂದು ಎರಡನ್ನೂ ಸೇರಿಸಿ ಯೋಚಿಸಬೇಕು. ನಮ್ಮೂರಿಗೆ ಬಂದವರು ಹಳ್ಳದ ಸೇತುವೆ ದಾಟಿಯೇ ಬಂದರು, ಒಬ್ಬರೂ ಅದರ ನೀರು ಅಳೆಯಲಿಲ್ಲ. ಪ್ಯಾನೆಲ್ ಮಾತ್ರ ಮಾರುವವರಿಗೆ ಅದು ಬೇಕಿರಲಿಲ್ಲ.

ಈಗಾಗಲೇ ಇಂಥವರಿಗೆ ದುಡ್ಡು ಕೊಟ್ಟಿದ್ದರೆ ಸುಮ್ಮನಿರಬೇಡಿ. ಗ್ರಾಹಕರ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಹಾಕಬೇಕು, ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ನಮಗೆ ಕೈಹಿಡಿದದ್ದು ಬ್ಯಾಂಕಿನಿಂದ ಕಳಿಸಿದ ಹಣದ ದಾಖಲೆ ಮತ್ತು ಆ ಬಣ್ಣದ ಹಾಳೆ. ಪ್ಯಾನೆಲ್ ಹಿಂದಿನ ಸೀರಿಯಲ್ ನಂಬರ್, ಬ್ಯಾಟರಿ ಚೀಟಿ, ಇನ್ವರ್ಟರ್ ಪರದೆ, ಎಲ್ಲದರ ಫೋಟೋ ತೆಗೆದಿಡಿ, ಅವರು ರಿಪೇರಿ ನೆಪದಲ್ಲಿ ಬಂದು ಬದಲಾಯಿಸುವ ಮೊದಲೇ.

ಇನ್ನೂ ಕೊಟ್ಟಿಲ್ಲದಿದ್ದರೆ ಕೊಟೇಶನ್ ತೆಗೆದು ಇನ್ವರ್ಟರ್ ಸಾಲು ನೋಡಿ. ಅಲ್ಲಿ ಗ್ರಿಡ್ ಟೈ ಅಥವಾ ಆನ್ ಗ್ರಿಡ್ ಎಂದಷ್ಟೇ ಇದ್ದರೆ ಲೈನ್ ಹೋದಾಗ ನಿಮಗೆ ಒಂದು ಬಲ್ಬೂ ಉರಿಯುವುದಿಲ್ಲ. ಬ್ಯಾಟರಿ ಸಾಲಿನಲ್ಲಿ ಎಷ್ಟು ಯೂನಿಟ್ ಹಿಡಿಯುತ್ತದೆ ಎಂದು ಬರೆಸಿ. ಜುಲೈ ತಿಂಗಳಿಗೆ ದಿನಕ್ಕೆ ಎಷ್ಟು ಯೂನಿಟ್ ಎಂದು ಸಹಿ ಹಾಕಿ ಕೊಡಲು ಹೇಳಿ. ಕೊಡದಿದ್ದರೆ ಕಾಫಿ ಕೊಟ್ಟು ಕಳಿಸಿ, ಅಡ್ವಾನ್ಸ್ ಕೊಡಬೇಡಿ. ಸಕಲೇಶಪುರ, ಬೇಲೂರು, ಆಲೂರು ಕಡೆಯ ನಿಮ್ಮ ನೆಂಟರಿಗೆ ಇದನ್ನು ಇವತ್ತೇ ಕಳಿಸಿ, ಅಲ್ಲಿ ಈ ವಾರವೇ ಸಭೆ ಕರೆದಿದ್ದಾರಂತೆ.