ಕಣಜದಲ್ಲಿರುವ ಕಾಳಿಗೆ ಮುಂಗಡ: ಕೆನಡಾದ ಅಡ್ವಾನ್ಸ್ ಪೇಮೆಂಟ್ಸ್ ಪ್ರೋಗ್ರಾಂ ಬಳಸಿದ ಅನುಭವ

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಒಂದು ಕುಟುಂಬದ ಜಮೀನಿಗೆ ನಾನು ಲೆಕ್ಕ ಬರೆಯುತ್ತೇನೆ. ಗೋಧಿ, ಕನೋಲಾ ಎಂಬ ಎಣ್ಣೆಕಾಳು, ಸ್ವಲ್ಪ ಮಸೂರ್ ಬೆಳೆಯುತ್ತಾರೆ. ಬೆಳೆ ಮಾರುವ ಮೊದಲೇ ಅದರ ಮೇಲೆ ಸಾಲವಾಗಿ ಸಿಗುವ ಈ ಮುಂಗಡದ ಅರ್ಜಿಯನ್ನು 2023ರಿಂದ ತುಂಬುವವಳು ನಾನೇ.

ಇಲ್ಲಿ ಬಿತ್ತನೆ ಮೇ ತಿಂಗಳಲ್ಲಿ. ಬೀಜ, ಗೊಬ್ಬರ, ಡೀಸೆಲ್ ಎಲ್ಲದಕ್ಕೂ ಆಗಲೇ ದುಡ್ಡು ಬೇಕು. ಕಾಳು ಕೈಗೆ ಬರುವುದು ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರ್‌ನಲ್ಲಿ. ಆಗ ಎಲ್ಲರೂ ಒಟ್ಟಿಗೆ ಲಾರಿ ತುಂಬಿಸಿಕೊಂಡು ಎಲಿವೇಟರ್‌ಗೆ, ಅಂದರೆ ಕಾಳು ಕೊಂಡು ಸಂಗ್ರಹಿಸುವ ಕೇಂದ್ರಕ್ಕೆ, ಹೊರಡುತ್ತಾರೆ. ಬೆಲೆ ಇಳಿಯುತ್ತದೆ, ಅಲ್ವಾ? ಸಾಲದ ಕಂತು ಕಟ್ಟಲೇಬೇಕಾದವರು ಆ ಬೆಲೆಗೇ ಮಾರಬೇಕಾಗುತ್ತದೆ. ಈ ಯೋಜನೆ ನನಗೆ ಇಷ್ಟವಾಗಿದ್ದು ಅಲ್ಲೇ. ಕಾಳನ್ನು ಕಣಜದಲ್ಲಿ ಇಟ್ಟುಕೊಂಡು, ಬೆಲೆ ನೋಡಿ ಮಾರುವಷ್ಟು ಉಸಿರು ಸಿಗುತ್ತದೆ.

ಬೆಳೆಯ ಅಂದಾಜು ಬೆಲೆಯ ಅರ್ಧದವರೆಗೆ ಮುಂಗಡ ಸಿಗುತ್ತದೆ. ಒಬ್ಬ ರೈತನಿಗೆ ಗರಿಷ್ಠ 10 ಲಕ್ಷ ಡಾಲರ್. ಅದರಲ್ಲಿ ಮೊದಲ ಭಾಗಕ್ಕೆ ಬಡ್ಡಿ ಇಲ್ಲ, ಅದನ್ನು ಕೇಂದ್ರ ಸರ್ಕಾರವೇ ಕಟ್ಟುತ್ತದೆ. ಆ ಭಾಗ 2024ರಲ್ಲಿದ್ದಂತೆ ಎರಡೂವರೆ ಲಕ್ಷ ಡಾಲರ್, ಅಷ್ಟಕ್ಕೆ ಬ್ಯಾಂಕಾದರೆ ನೂರಕ್ಕೆ 6ರಂತೆ ಬಡ್ಡಿ ಹಾಕುತ್ತದೆ ಎಂದುಕೊಳ್ಳಿ. ವರ್ಷಕ್ಕೆ 15,000 ಡಾಲರ್ ಉಳಿಯಿತು. ಬೆಳೆ ಇನ್ನೂ ಹೊಲದಲ್ಲಿರುವಾಗ ಬೆಳೆ ವಿಮೆಯನ್ನೇ ಭದ್ರತೆಯಾಗಿ ತೋರಿಸಬಹುದು. ತೀರಿಸಲು 18 ತಿಂಗಳವರೆಗೆ ಸಮಯವಿದೆ.

ಬಡ್ಡಿ ಇಲ್ಲದ ಮಿತಿ ಮಾತ್ರ ಒಂದೇ ಕಡೆ ನಿಲ್ಲುವುದಿಲ್ಲ. 2023ರಲ್ಲಿ 3,50,000 ಡಾಲರ್ ಇತ್ತು, 2024ಕ್ಕೆ 2,50,000 ಆಯಿತು. ಗೊಬ್ಬರದ ಬಿಲ್ಲು ಹಾಗೆ ಇಳಿಯುವುದಿಲ್ಲವಲ್ಲ! ಮುಂದಿನ ವರ್ಷದ ಲೆಕ್ಕ ಹಾಕಲು ಕೂತಾಗ ಇದು ನಿಜಕ್ಕೂ ಕಷ್ಟ ಕೊಡುತ್ತದೆ.

ಮೊದಲ ವರ್ಷ ಇನ್ನೊಂದು ಕಡೆ ಸಿಕ್ಕಿಬಿದ್ದೆವು. ನಮ್ಮ ಬೆಳೆಯ ಮೇಲೆ ಬ್ಯಾಂಕಿನ ಹಕ್ಕು ಮೊದಲೇ ಇತ್ತು. ಈ ಮುಂಗಡಕ್ಕೆ ಮೊದಲ ಹಕ್ಕು ಬಿಟ್ಟುಕೊಡುತ್ತೇವೆ ಎಂದು ಬ್ಯಾಂಕು ಸಹಿ ಹಾಕಬೇಕು. ಆ ಒಂದು ಸಹಿಗೆ ಮೂರು ವಾರ ಹಿಡಿಯಿತು. ಗೊಬ್ಬರದವರಿಂದ ದಿನಾ ಫೋನು. ಈಗ ಹಿಮ ಕರಗುವ ಮೊದಲೇ ಆ ಕಾಗದವನ್ನು ಬ್ಯಾಂಕಿಗೆ ಕಳಿಸಿಬಿಡುತ್ತೇನೆ.

ಮರುಪಾವತಿಯ ನಿಯಮವನ್ನು ಸರಿಯಾಗಿ ಓದಿಕೊಳ್ಳಿ. ಇದು ಕೊನೆಯಲ್ಲಿ ಒಟ್ಟಿಗೆ ಕಟ್ಟುವ ಸಾಲ ಅಲ್ಲ. ಕಾಳು ಮಾರಿದ ಹಾಗೆಲ್ಲ ಕಟ್ಟುತ್ತಾ ಹೋಗಬೇಕು, ಮಾರಿದ್ದಕ್ಕೆ ಪುರಾವೆಯನ್ನೂ ಕೊಡಬೇಕು. ಒಮ್ಮೆ ಎರಡು ಲೋಡ್ ಗೋಧಿಯ ಎಲಿವೇಟರ್ ಚೀಟಿ ಲಾರಿಯಲ್ಲೇ ಉಳಿದುಹೋಯಿತು. ದುಡ್ಡು ಕಳಿಸಿದ್ದರೂ ಅದು ಲೆಕ್ಕಕ್ಕೆ ಹತ್ತಲು ಎರಡು ವಾರ ಓಡಾಡಿದೆ. ಗಡುವು ಮೀರಿದರಂತೂ ಬಾಕಿ ಉಳಿದ ಹಣಕ್ಕೆ ಮುಂಗಡ ಪಡೆದ ದಿನದಿಂದಲೇ ಬಡ್ಡಿ ಬೀಳುತ್ತದೆ. ಅಂಥ ಸ್ಥಿತಿಗೆ ಯಾರೂ ಹೋಗಬಾರದು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮಿತಿಯನ್ನು ಎರಡು ಮೂರು ವರ್ಷಕ್ಕಾದರೂ ಒಂದೇ ರೀತಿ ಇಟ್ಟರೆ ಐದೂ ಕೊಡುತ್ತೇನೆ. ನಮ್ಮ ಮಸೂರ್ ಇನ್ನೂ ಕಣಜದಲ್ಲೇ ಇದೆ. ಜಮೀನಿನ ಯಜಮಾನರು ದಿನಾ ಬೆಳಿಗ್ಗೆ ಬೆಲೆ ನೋಡುತ್ತಾರೆ, ಇನ್ನೊಂದು ವಾರ ಕಾಯೋಣ ಎನ್ನುತ್ತಾರೆ.