ಕಡೆದ ಬಟ್ಟಲಿಗೆ ಪುಡಿ ಬಣ್ಣ: ಎರಡು ಮಳೆಗಾಲ ಕಳೆದ ಮೇಲೆ

ಕಲಸಿ ಮರಕ್ಕೆ ಬಳಿಯುವ ಈ ಆರು ಡಬ್ಬಿಯ ಪುಡಿ ಬಣ್ಣದ ಸೆಟ್ ತರಿಸಿ ಎರಡು ವರ್ಷ ಆಯಿತು. ಕೆಂಪು, ಹಳದಿ, ನೀಲಿ, ಹಸಿರು, ಕಂದು, ಕಪ್ಪು. ಬಂದ ವಾರದಲ್ಲೇ ಖುಷಿಯಲ್ಲಿ ಐದು ಸ್ಟಾರ್ ಕೊಟ್ಟು ಎರಡು ಸಾಲು ಬರೆದಿದ್ದೆ. ಈಗ ಅದನ್ನು ಮೂರಕ್ಕೆ ಇಳಿಸುತ್ತಿದ್ದೇನೆ. ಆದರೂ ಇನ್ನೊಮ್ಮೆ ತರಿಸುತ್ತೇನೆ. ಇದೇನು ವಿಚಿತ್ರ ಅಂದರೆ, ಪೂರ್ತಿ ಓದಿ.

ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ. ಮನೆ ಹಿಂದಿನ ಶೆಡ್‌ನಲ್ಲಿ ಮರ ತಿರುಗಿಸಿ ಕಡೆಯುವ ಸಣ್ಣದೊಂದು ಲೇತ್ ಇದೆ. ಮರಕ್ಕೆ ಬರವಿಲ್ಲ. ಕಾಫಿಗೆ ನೆರಳಾಗಲಿ, ಮೆಣಸಿನ ಬಳ್ಳಿ ಹಬ್ಬಲಿ ಅಂತ ಹಾಕಿದ ಸಿಲ್ವರ್ ಓಕ್ ಮಳೆಗಾಲದ ಗಾಳಿಗೆ ವರ್ಷಕ್ಕೆ ಒಂದೆರಡಾದರೂ ಉರುಳುತ್ತವೆ. ಮೊದಲು ಸೌದೆಗೆ ಹೋಗುತ್ತಿತ್ತು, ಈಗ ಬುಡದ ತುಂಡು ಎತ್ತಿಟ್ಟುಕೊಂಡು ಬಟ್ಟಲು ಕಡೆಯುತ್ತೇನೆ. ಆದರೆ ಸಿಲ್ವರ್ ಓಕ್ ಬರಿಮೈಯಲ್ಲಿ ಸಪ್ಪೆ. ಮಾಸಲು ಗುಲಾಬಿ. ಬಣ್ಣದ ಯೋಚನೆ ಬಂದಿದ್ದೇ ಅದಕ್ಕೆ.

ಇದನ್ನು ಪೇಂಟ್ ಅಂದುಕೊಂಡು ತರಿಸಬೇಡಿ. ಪೇಂಟ್ ಮರದ ಮೇಲೆ ಕೂರುತ್ತದೆ, ಇದು ಒಳಗೆ ಇಳಿಯುತ್ತದೆ. ಬಟ್ಟಲು ನೋಡಿದವರೆಲ್ಲ 'ಚನ್ನಪಟ್ಟಣದ್ದಾ?' ಅಂತ ಕೇಳುತ್ತಾರೆ. ಅಲ್ಲ. ಅಲ್ಲಿ ಆಲೆ ಮರ ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೈಮೇಲೆ ಪದರವಾಗುತ್ತದೆ. ಇಲ್ಲಿ ಪದರ ಇಲ್ಲ, ಮರದ ಎಳೆ ಎಳೆಯೂ ಕಾಣುತ್ತದೆ. ಹಾಗಾಗಿ ಮರ ಚೆನ್ನಾಗಿಲ್ಲದಿದ್ದರೆ ಅದೂ ಕಾಣುತ್ತದೆ. ಉಳಿಯ ಗೀರು ಒಂದು ಉಳಿದಿದ್ದರೂ ಬಣ್ಣ ಬಳಿದ ಕೂಡಲೇ ಚಾಡಿ ಹೇಳುತ್ತದೆ.

ನನಗೆ ಈ ಸೆಟ್ ಮೇಲೆ ಪ್ರೀತಿ ಹುಟ್ಟಿಸಿದ್ದು ಕಪ್ಪು. ನೂರು ಮಿಲಿ ಸ್ಪಿರಿಟ್‌ಗೆ ಮೂರು ಗ್ರಾಂ ಕಲಸಿ ಬಟ್ಟಲಿಗೆ ಪೂರ್ತಿ ಬಳಿದೆ. ಇದ್ದಿಲಿನ ಹಾಗಾಯಿತು. ನಮ್ಮ ಮನೆಯವಳು ನೋಡಿ, 'ಒಲೆಗೆ ಹಾಕಿ ತೆಗೆದ್ರಾ?' ಅಂದಳು. ಒಣಗಿದ ಮೇಲೆ ಲೇತ್ ತಿರುಗಿಸಿ 320ರ ಉಪ್ಪುಕಾಗದ (ನಂಬರ್ ಹೆಚ್ಚಿದಷ್ಟೂ ನಯ) ಹಿಡಿದೆ. ಮೇಲಿನ ಕಪ್ಪು ಹೋಯಿತು, ಎಳೆಯ ಸಂದಿಯದ್ದು ಉಳಿಯಿತು. ಅದರ ಮೇಲೆ ನೀಲಿ ಬಳಿದೆ ನೋಡಿ, ಸಿಲ್ವರ್ ಓಕ್ ಒಳಗೆ ಮೀನಿನ ಪೊರೆ ಥರ ಒಂದು ಚಿತ್ತಾರ ಇರುತ್ತದಲ್ಲ, ಅದು ಒಂದೊಂದೇ ಪೊರೆಯಾಗಿ ಎದ್ದು ಬಂತು. ಬಟ್ಟಲನ್ನು ಸ್ವಲ್ಪ ಓರೆ ಮಾಡಿದರೆ ಹೊಳಪು ಜಾಗ ಬದಲಿಸುತ್ತದೆ. ಅವತ್ತು ಸಂಜೆ ನಾನು ಕಾಫಿ ಆರಿಸಿಕೊಂಡು ಅದನ್ನೇ ತಿರುಗಿಸುತ್ತಾ ಕೂತಿದ್ದೆ.

ಇನ್ನು ತೊಂದರೆಗಳು. ಬಟ್ಟಲಿನ ಎದುರುಬದುರು ಎರಡು ಜಾಗದಲ್ಲಿ ಎಳೆಯ ತುದಿ ಹೊರಗೆ ಬರುತ್ತದೆ. ಅಲ್ಲಿ ಮರ ಬಾಯಾರಿದ ದನದ ಹಾಗೆ ಬಣ್ಣ ಕುಡಿಯುತ್ತದೆ, ಕಲೆ ಬಿದ್ದಂತೆ ಕಪ್ಪಾಗುತ್ತದೆ. ಆ ಜಾಗವನ್ನು 400ರವರೆಗೆ ಉಜ್ಜಿ, ಬಣ್ಣ ತೆಳುವಾಗಿ ಕಲಸಿ ಎರಡು ಮೂರು ಸಲ ಬಳಿದರೆ ಪರವಾಗಿಲ್ಲ. ಇದು ಡಬ್ಬಿಯ ತಪ್ಪಲ್ಲ, ಮರದ ಗುಣ.

ಪುಡಿ ನೀರಿನಲ್ಲೂ ಕರಗುತ್ತದೆ, ಸ್ಪಿರಿಟ್‌ನಲ್ಲೂ ಕರಗುತ್ತದೆ. ನೀರಿನದ್ದು ನಿಧಾನ, ಹಾಗಾಗಿ ಸಮನಾಗಿ ಬಳಿಯಲು ಪುರುಸೊತ್ತು ಸಿಗುತ್ತದೆ. ಆದರೆ ನೀರು ತಾಗಿದರೆ ಮರದ ಜುಂಗು ಏಳುತ್ತದೆ. ಮೊದಲೇ ಬರೀ ನೀರು ಸವರಿ, ಒಣಗಿಸಿ, ಉಜ್ಜಿಕೊಂಡರೆ ಆಮೇಲೆ ಅಷ್ಟಾಗಿ ಏಳುವುದಿಲ್ಲ. ಜುಲೈನಲ್ಲಿ ಮಾತ್ರ ಈ ಆಟ ನಡೆಯಲ್ಲ. ನಮ್ಮಲ್ಲಿ ಆಗ ಹಾಕಿದ ಬಟ್ಟೆಯೇ ಒಣಗಲ್ಲ, ಬಟ್ಟಲು ಎಲ್ಲಿಂದ ಒಣಗಬೇಕು? ಮಳೆಗಾಲಕ್ಕೆ ಸ್ಪಿರಿಟ್ಟೇ ಗತಿ. ಅದು ನಿಮಿಷದಲ್ಲಿ ಆರುತ್ತದೆ, ಕೈ ತಡವಾದರೆ ಗೆರೆ ಬೀಳುತ್ತದೆ. ಸುತ್ತಮುತ್ತ ಬೆಂಕಿ, ಬೀಡಿ ಇರಲೇಬಾರದು.

ಸ್ಪಿರಿಟ್‌ನಲ್ಲಿ ಕಲಸಿದ ಬಣ್ಣದ ಮೇಲೆ ಅರಗಿನ ಪಾಲಿಶ್ ಬಳಿಯುವ ತಪ್ಪು ನಾನು ಮಾಡಿದ್ದೇನೆ. ಆ ಪಾಲಿಶ್‌ನಲ್ಲಿರುವುದೂ ಸ್ಪಿರಿಟ್ಟೇ ಅಲ್ವಾ, ಒಣಗಿದ ಬಣ್ಣ ಮತ್ತೆ ಕರಗಿತು. ಹಳದಿ ಬಟ್ಟಲಿನ ಕಪ್ಪು ಅಂಚು ಬ್ರಷ್ ಜೊತೆ ಕೆಳಗೆ ಇಳಿದು, ಅತ್ತ ಹುಡುಗಿಯ ಕಾಡಿಗೆ ಥರ ಆಯಿತು. ಅದಕ್ಕೇ ಈಗ ಈ ಬಣ್ಣದ ಮೇಲೆ ಎಣ್ಣೆಯನ್ನೇ ಬಳಿಯುತ್ತೇನೆ. ಅಗಸೆ ಎಣ್ಣೆ ತಾನೇ ಹಳದಿ ಬಣ್ಣದ್ದು, ನೀಲಿ ಸ್ವಲ್ಪ ಹಸಿರಿಗೆ ತಿರುಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ನಾನು ಬಿಡಿಸಿ ತಂತಿಗೆ ಹಾಕುತ್ತೇನೆ.

ಹಲಸಿನ ಮರಕ್ಕೆ ಈ ನೀಲಿ ದಂಡ. ಅದು ಮೊದಲೇ ಅರಿಶಿನ ಹಚ್ಚಿಕೊಂಡ ಮರ, ಹಸಿರೇ ಆಗುತ್ತದೆ. ಅದಕ್ಕೆ ಎಣ್ಣೆ ಸಾಕು, ಬಿಡಿ.

ಕೈಗವಸು ಸೆಟ್‌ನಲ್ಲಿ ಬರುವುದಿಲ್ಲ, ಕೊಂಡುಕೊಳ್ಳಿ. ನಾನು ಬರಿಗೈಯಲ್ಲಿ ಬಳಿದು ಮರುದಿನ ಮದುವೆಗೆ ಹೋದೆ. ಕೆಂಪು, ನೀಲಿ ಸೇರಿ ಹತ್ತೂ ಬೆರಳು ನೇರಳೆ. 'ಎಷ್ಟು ಬೂತಲ್ಲಿ ವೋಟ್ ಹಾಕಿದ್ರಿ ಮಾರಾಯ್ರೆ?' ಅಂತ ಊಟದ ಪಂಕ್ತಿ ಪೂರ್ತಿ ನಗು. ನೇರಳೆ ಅಂದಾಗ ನೆನಪಾಯಿತು. ಇಂಥ ಕೃತಕ ಬಣ್ಣಗಳ ಕಾಲ ಶುರುವಾಗಿದ್ದೇ ನೇರಳೆಯಿಂದ. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಅನ್ನುವ ಹದಿನೆಂಟರ ಹುಡುಗ ಮಲೇರಿಯಾ ಔಷಧಿ ಕ್ವಿನೈನ್ ಮಾಡಲು ಹೋಗಿ, ಅದು ಕೆಟ್ಟು ನೇರಳೆ ಬಣ್ಣ ಸಿಕ್ಕಿತ್ತು. ಒಂದು ಕಾಲಕ್ಕೆ ಮಲೇರಿಯಾದಲ್ಲಿ ನರಳಿದ ಮಲೆನಾಡಿನವರಿಗೆ ಈ ಕಥೆ ಸ್ವಲ್ಪ ಹತ್ತಿರದ್ದು ಅನಿಸುತ್ತದೆ.

ಈಗ ಸ್ಟಾರ್ ಇಳಿಸಿದ ಕಾರಣ. ಮೊದಲ ವರ್ಷ ಹಾಸನದ ಅಕ್ಕನಿಗೆ ಕೆಂಪು ಬಟ್ಟಲು ಕೊಟ್ಟಿದ್ದೆ. ಅವಳು ಅದನ್ನು ಪಡಸಾಲೆಯ ಕಿಟಕಿ ಕಟ್ಟೆ ಮೇಲಿಟ್ಟು ಅಡಿಕೆ, ಬೀಗದ ಕೈ ಹಾಕುತ್ತಿದ್ದಳು. ಹೋದ ತಿಂಗಳು ಹೋದಾಗ ಸುಮ್ನೆ ಕೈಗೆತ್ತಿಕೊಂಡೆ. ಗೋಡೆ ಕಡೆಯ ಮೈ ಇವತ್ತು ಬಳಿದ ಹಾಗೆ ದಾಸವಾಳದ ಕೆಂಪು. ಕಿಟಕಿ ಕಡೆಯದ್ದು ಒಗೆದು ಒಗೆದು ಬಿಳಿಚಿದ ಸೀರೆ ಅಂಚು. ನಡುವೆ ಗೆರೆ ಇಲ್ಲ, ಬಣ್ಣ ನಿಧಾನಕ್ಕೆ ಸತ್ತಿದೆ. ಬಿಸಿಲಿಗೆ ಇಂಥ ಬಣ್ಣ ಮಾಸುವುದು ಗೊತ್ತಿರುವ ವಿಷಯವೇ. ಆದರೆ ಡಬ್ಬಿಯ ಮೇಲೆ ಒಂದು ಸಾಲು ಬರೆಯಬಹುದಿತ್ತು. ನಮ್ಮ ಮನೆಯ ಕತ್ತಲು ಮೂಲೆಯ ಶೋಕೇಸಿನಲ್ಲಿರುವ ಕೆಂಪು ಚೂರೂ ಬದಲಾಗಿಲ್ಲ. ಕಪ್ಪು, ಕಂದು ಕಿಟಕಿಯಲ್ಲೂ ತಡೆದಿವೆ, ನೀಲಿ ಅರ್ಧಂಬರ್ಧ.

ಉಣ್ಣುವ, ಉಪ್ಪಿನಕಾಯಿ ಹಾಕುವ ಬಟ್ಟಲಿನ ಒಳಮೈಗೆ ನಾನು ಇದನ್ನು ಮುಟ್ಟಿಸುವುದಿಲ್ಲ. ಹೊರಗೆ ಬಣ್ಣ, ಒಳಗೆ ಬರೀ ಮರ.

ಪುಡಿ ಮಳೆಗಾಲದಲ್ಲಿ ಗಂಟು ಕಟ್ಟಿತ್ತು, ಕರಗುವುದಕ್ಕೆ ತೊಂದರೆ ಆಗಲಿಲ್ಲ. ಎರಡು ವರ್ಷದಲ್ಲಿ ಮೂವತ್ತಕ್ಕೂ ಜಾಸ್ತಿ ಬಟ್ಟಲು ಆಗಿದೆ, ಖಾಲಿಯಾಗಿದ್ದು ಕಪ್ಪು ಒಂದೇ. ಬಿಡಿಯಾಗಿ ಸಿಗುವುದಾದರೆ ಕಪ್ಪು ಎರಡು ಡಬ್ಬಿ, ನೀಲಿ ಒಂದು ತರಿಸುತ್ತೇನೆ. ಕೆಂಪು ಬೇಡ.

ಅಕ್ಕನಿಗೆ ಬೇರೆ ಬಟ್ಟಲು ಕೊಡ್ತೀನಿ ಅಂದೆ, ಬೇಡ ಅಂದಳು. ಈಗ ಅದನ್ನೇ ತಿರುಗಿಸಿ ಇಟ್ಟಿದ್ದಾಳೆ, ಆ ಕಡೆಯೂ ಮಾಸಿ ಎರಡೂ ಸಮ ಆಗಲಿ ಅಂತ.